ಒಂಬತ್ತನೆಯ ಎಣಿಕೆ

ಹಾಸನದ ಹೈಸ್ಕೂಲಿನ ಚರ್ಚಾಕೂಟದಲ್ಲಿ ಯಾವ ಪಕ್ಷ ಕೊಟ್ಟರೂ ನಾನು ಗೆಲ್ಲುತ್ತಿದ್ದೆ. ಹೀಗಾಗಿ ನನಗೂ ಸ್ವಂತದ್ದೊಂದು ಅಭಿಪ್ರಾಯ ಇರಬೇಕೆಂಬುದು ಬಹುಕಾಲ ಹೊಳೆದೇ ಇರಲಿಲ್ಲ. ಪರೀಕ್ಷೆ ಮುಗಿಸಿ ಹೊಳೆನರಸೀಪುರದ ಮನೆಗೆ ಬಂದಾಗ ಒಂದು ಸಿಕ್ಕಿತು: ನಮ್ಮೂರಿನವರಿಗೆ ಸಂಗೀತ ತಿಳಿಯದು. ರಾಮನವಮಿಯ ಚಪ್ಪರದಲ್ಲಿ ಪಕ್ಕದವನ ತಲೆ ಆಡಿದ್ದು ನೋಡಿ ತಮ್ಮ ತಲೆ ಆಡಿಸುತ್ತಾರೆ, ಅಷ್ಟೆ. ಇದನ್ನು ಮನೆಯಲ್ಲಿ, ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಸಾಧಿಸಿ ಬಂದೆ. ಯಾರೂ ಎದುರು ಮಾತಾಡಲಿಲ್ಲ. ನಾನು ಅದನ್ನು ಗೆಲುವೆಂದು ತಿಳಿದೆ.

ಆ ವರ್ಷ ಉತ್ಸವಕ್ಕೆ ಹಾಡಬೇಕಿದ್ದ ಮೈಸೂರಿನ ವಿದ್ವಾಂಸರಿಗೆ ಗಂಟಲು ಕಟ್ಟಿದೆಯೆಂದು ತಂತಿ ಬಂತು. ಆ ಜಾಗಕ್ಕೆ ನಮ್ಮ ಪ್ರೈಮರಿ ಶಾಲೆಯ ಕಿರಿಯ ಮೇಷ್ಟ್ರನ್ನು ಕೂರಿಸಿದರು. ಬೆಳಗಿನ ಜಾವ ಹೊಳೆಯ ದಂಡೆಯಲ್ಲಿ ಹಾಡಿನ ಸಾಧಕ ಮಾಡುತ್ತಿದ್ದ ಅವರಿಗೆ ಅದೇ ಮೊದಲ ಕಛೇರಿ. ಉತ್ಸವ ಸಮಿತಿಯ ಯಜಮಾನರು ಎಲ್ಲರೆದುರಿಗೇ ಹೇಳಿದರು: "ಇವತ್ತು ಚೆನ್ನಾಗಿ ಬಂದ್ರೆ, ಪ್ರತಿ ವರ್ಷ ಒಂದ್ ದಿನ ಊರಿನೋರಿಗೇ. ಕೆಟ್ರೆ, ಇನ್ಮ್ಯಾಕೆ ಆ ಮಾತೇ ಎತ್ಬ್ಯಾಡಿ."

ಚನ್ನರಾಯಪಟ್ಟಣದಿಂದ ಪಿಟೀಲಿನವರು ಬಂದರು. ಅರಕಲಗೂಡಿನಿಂದ ಮೃದಂಗದವರು ಪೆಟ್ರೋಲಿನ ಬದಲು ಇದ್ದಿಲ ಹೊಗೆಯಿಂದ ಓಡುವ ಯುದ್ಧಕಾಲದ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಬಂದರು. ತಂಬೂರಿ ಮೀಟುವವರು ಮಾತ್ರ ಸಿಗಲಿಲ್ಲ. ಮೇಷ್ಟ್ರು ತಾವೇ ಹಿಡಿದು ಕೂತರು. ಎರಡು ಕೈಗೂ ಬಿಡುವಿಲ್ಲದ್ದರಿಂದ ತಾಳಕ್ಕೆ ಎದುರಿಗೆ ಕೂತವರ ಕೈಯನ್ನೇ ನಂಬಬೇಕು. ಎದುರಿಗೆ ಕೂತಿದ್ದವನು ನಾನು. ಸ್ವಾಗತ ಭಾಷಣ ಮಾಡಿದ ತಪ್ಪಿಗೆ ಮುಂದಿನ ಜಾಗ ಸಿಕ್ಕಿತ್ತು.

ನನ್ನ ಸಿದ್ಧಾಂತಕ್ಕೆ ಪ್ರಯೋಗದ ಆಧಾರ ಸಿಗುವ ಹೊತ್ತು ಅದು. ಎಂಟೆಣಿಕೆಯ ಆದಿತಾಳಕ್ಕೆ ಪ್ರತಿ ಸುತ್ತಿನಲ್ಲೂ ಒಂದು ಹೆಚ್ಚಿಸಿ ಒಂಬತ್ತು ಹಾಕುವುದು; ಇಡೀ ಚಪ್ಪರ ಕುರಿಯಂತೆ ನನ್ನನ್ನು ಅನುಸರಿಸುವುದು; ನಾನು ಎದ್ದು ವಿವರಿಸುವುದು. ವಿವರಣೆಯನ್ನು ಮನೆಯಲ್ಲೇ ಬಾಯಿಪಾಠ ಮಾಡಿದ್ದೆ.

ಹಾಕತೊಡಗಿದೆ. ಚಪ್ಪರ ಅನುಸರಿಸಲಿಲ್ಲ. ಅನುಸರಿಸಿದವರು ಮೇಷ್ಟ್ರೊಬ್ಬರೇ. ನನ್ನ ಕೈಯನ್ನೂ ಮೃದಂಗವನ್ನೂ ಒಟ್ಟಿಗೆ ನಂಬಲು ಹೋಗಿ ಅವರ ಸ್ವರ ಎಡವಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತು. ಮೃದಂಗದವರು ನನ್ನನ್ನು ಸುಡುವಂತೆ ನೋಡಿದರು. ನನಗೆ ಹೆದರಿಕೆಯಾಯಿತು. ಸರಿಯಾದ ತಾಳಕ್ಕೆ ಮರಳೋಣವೆಂದರೆ ಅದು ಎಲ್ಲಿ ಶುರುವಾಗುತ್ತದೆಂದೇ ತಿಳಿಯಲಿಲ್ಲ. ಪುಸ್ತಕ ನೋಡಿ ಎರಡು ದಿನ ಕಲಿತ ವಿದ್ಯೆ. ತಪ್ಪು ಹಾಕುವಷ್ಟು ಮಾತ್ರ ಬಂದಿತ್ತು.

ಹೆಂಗಸರ ಕಡೆಯಿಂದ ಒಬ್ಬ ಅಜ್ಜಿಯ ದನಿ ಬಂತು: "ಯಾರ್ಲಾ ಅವ್ನು, ಮುಂದ್ಗಡೆ ಕೂತ್ಕಂಡು ಸೊಳ್ಳೆ ಒಡೀತಾವ್ನೆ?"

ಹಿಂದೆ ಕೂತಿದ್ದ ಎಣ್ಣೆ ಅಂಗಡಿಯವರು ನನ್ನ ಹೆಗಲು ಮುಟ್ಟಿದರು. "ಮಗಾ, ಕೈ ನೋವಾಗಿರ್ಬೇಕು. ಒಸಿ ಕೆಳಗ್ ಮಡಗು."

ಮಡಗಿದೆ. ಅವರು ತಮ್ಮ ತೊಡೆಯ ಮೇಲೆ ಗಟ್ಟಿಯಾಗಿ ತಟ್ಟತೊಡಗಿದರು. ಪಕ್ಕದ ದರ್ಜಿ ತಟ್ಟಿದ. ಉತ್ಸವದ ಅಡುಗೆಯವರು ಕಂಬಕ್ಕೊರಗಿ ನಿಂತಲ್ಲೇ ತಟ್ಟಿದರು. ಎರಡು ಸುತ್ತಿನಲ್ಲಿ ಇಡೀ ಚಪ್ಪರಕ್ಕೆ ಒಂದೇ ಪೆಟ್ಟು. ಮೇಷ್ಟ್ರು ನನ್ನ ತಲೆಯ ಮೇಲಿಂದ ಅವರನ್ನೆಲ್ಲ ನೋಡಿ, ಕಣ್ಣು ಮುಚ್ಚಿ, ಸರಿಯಾದ ಜಾಗಕ್ಕೆ ಬಂದು ಇಳಿದರು. "ಬಂದ ಕಣ್ಲಾ!" ಎಂದು ಯಾರೋ ಕೂಗಿದರು. ಆಮೇಲೆ ಅವರು ಹಾಡಿದ್ದು ಹೊಳೆ ದಾಟಿ ಕೇಳಿಸಿರಬೇಕು.

ನನ್ನ ವಾದದಲ್ಲಿ ಒಂದು ಸಣ್ಣ ಲೋಪವಿತ್ತು: ಎಣ್ಣೆ ಅಂಗಡಿಯವರು ನಾನು ಹುಟ್ಟುವ ಮುಂಚಿನಿಂದ ಪ್ರತಿ ರಾಮನವಮಿಗೂ ಅದೇ ಜಮಖಾನದ ಮೇಲೆ ಕೂತಿದ್ದರು. ಊರಿನ ಹುಡುಗನೊಬ್ಬ ಬಿದ್ದರೆ ಎತ್ತುವಷ್ಟು ಸಂಗೀತ ಅವರ ತೊಡೆಯಲ್ಲಿ ಕೂಡಿಬಿದ್ದಿತ್ತು. ನನ್ನ ಬಳಿ ಇದ್ದದ್ದು ಚರ್ಚಾಕೂಟದಲ್ಲಿ ಗೆದ್ದ ಮೂರು ಬೆಳ್ಳಿ ಲೋಟ.

ಮಂಗಳ ಹಾಡಿದ ಮೇಲೆ ಸಮಿತಿಯವರು, ವರ್ಷಕ್ಕೊಂದು ದಿನ ಊರಿನವರಿಗೆಂದು ಸಾರಿದರು. ಮೇಷ್ಟ್ರು ನೇರ ನನ್ನ ಬಳಿಗೇ ಬಂದರು. ನಾನು ಎದ್ದು ನಿಂತೆ.

"ನೀವೇನೂ ಬೇಜಾರ್ ಮಾಡ್ಕೋಬೇಡಿ," ಎಂದರು. "ಮೊದಲನೇ ಸಲ ಎಲ್ಲಾರಿಗೂ ತಪ್ತದೆ."

ಬೇಕೆಂದೇ ತಪ್ಪು ತಾಳ ಹಾಕಿದೆನೆಂದರೆ ನೀಚ, ಸುಮ್ಮನಿದ್ದರೆ ದಡ್ಡ. ಎರಡೂ ಪಕ್ಷಗಳನ್ನು ತೂಗಿ ನೋಡಿದೆ. ಬದುಕಿನಲ್ಲಿ ಮೊದಲ ಬಾರಿಗೆ ದಡ್ಡತನದ ಪಕ್ಷ ಹಿಡಿದು, "ಆಗ್ಲಿ ಮೇಷ್ಟ್ರೇ, ಕಲ್ತ್ಕೋತೀನಿ," ಎಂದೆ.