ಗ್ಯಾಸ್ ಹೋಯ್ತಾ?

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಅತ್ಯಂತ ಸಂತೋಷದಿಂದ ಕೂಗಿದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮಾತು ಬದಲಾಯಿಸುತ್ತೇನೆ. ಮಗಳ ಮದುವೆ ಗೊತ್ತಾದಾಗ ಕೂಗಿದ್ದಲ್ಲ, ಮುಳಬಾಗಿಲಿನಲ್ಲಿ ಸ್ವಂತ ಮನೆ ಆದಾಗಲೂ ಅಲ್ಲ. ಕೋಲಾರದ ಒಂದು ಆಸ್ಪತ್ರೆಯಲ್ಲಿ, ನೋಡುವವರು ಬಂದು ಹೋಗುವ ಸಂಜೆಯ ಹೊತ್ತಿನಲ್ಲಿ, ಅದೂ ಬೀಗರ ಎದುರಿಗೆ ಕೂಗಿದ್ದು. ನೀವು ನಮ್ಮವರೇ, ನಿಮ್ಮ ಹತ್ತಿರ ನನಗೆಂಥ ನಾಚಿಕೆ? ಹೇಳಿಬಿಡುತ್ತೇನೆ.

ಹೊಸ ಶತಮಾನ ಹುಟ್ಟಿದ ಹೊಸತು. ನಾನು ಪುರೋಹಿತರ ಮನೆಯವನಾದರೂ ಲೆಕ್ಕ ಬರೆದು ಬದುಕಿದವನು. ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಕೂತು ಕೂತು ನನ್ನ ಹೊಟ್ಟೆಗೂ ಕೂತೇ ಇರುವ ಅಭ್ಯಾಸವಾಗಿತ್ತು. ನೋವು ಬಂದಾಗಲೆಲ್ಲ ವಾಯು ಎಂದುಕೊಂಡು ಓಮ ಅಗಿದೆ, ಸೋಡಾ ಕುಡಿದೆ. ಕೊನೆಗೆ ನೋಡಿದರೆ ಕರುಳಿನಲ್ಲಿ ಗಂಟು. ಡಾಕ್ಟರು ಗೇಣುದ್ದ ಕರುಳನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದರು. ಗಂಟು ಕೆಟ್ಟ ಜಾತಿಯದಲ್ಲ ಎಂದು ಆಮೇಲೆ ತಿಳಿಯಿತು. ಆದರೆ ನನ್ನ ಕಥೆ ಹೊಲಿಗೆ ಮುಗಿದ ಮೇಲೆ ಶುರುವಾಗುವಂಥದ್ದು.

ಮಾರನೆಯ ಬೆಳಿಗ್ಗೆ ಸಿಸ್ಟರ್ ಬಂದು ನನ್ನ ಹೆಂಡತಿಯನ್ನು ಕೇಳಿದರು, "ಗ್ಯಾಸ್ ಹೋಯ್ತಾಮ್ಮಾ?"

"ಅಯ್ಯೋ, ಹೋಗಿ ವಾರದ ಮೇಲಾಯ್ತು ತಾಯಿ. ಬುಕ್ ಮಾಡಿದ್ದೀವಿ, ಇನ್ನೂ ಬಂದಿಲ್ಲ. ಸೀಮೆಎಣ್ಣೆ ಸ್ಟವ್ವಲ್ಲೇ ಕಾಲ ತಳ್ತಾ ಇದ್ದೀನಿ."

ಸಿಸ್ಟರ್ ಕಣ್ಣು ಬಿಟ್ಟುಕೊಂಡು ನಿಂತರು. ಪಕ್ಕದ ಮಂಚದಲ್ಲಿ ಹುತ್ತೂರಿನ ಮುನಿಯಪ್ಪ ಇದ್ದ. ಹಿಪ್ಪುನೇರಳೆ ಬೆಳೆಯುವವನು, ಹರ್ನಿಯಾ ಆಪರೇಷನ್ ಮಾಡಿಸಿಕೊಂಡವನು. ತನ್ನ ಹೊಲಿಗೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದುಕೊಂಡು ನಕ್ಕ. "ಅಮ್ಮಯ್ಯಾ, ಸಿಲಿಂಡ್ರು ಅಲ್ಲಮ್ಮೋ! ಸಾಮಿ ಹೊಟ್ಟೇದು ಕೇಳ್ತಾವ್ರೆ!"

ನನ್ನಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಪ್ಪು ಅವಳದಲ್ಲ. ಆಗ ಇಡೀ ಊರೇ ಗ್ಯಾಸಿಗಾಗಿ ಕಾಯುತ್ತಿತ್ತು. ನನ್ನೊಬ್ಬನದು ಬೇರೆ ಗ್ಯಾಸು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕನ್ನಡದಲ್ಲಿ ಇದಕ್ಕೆ ಎರಡಕ್ಷರದ ಚೊಕ್ಕ ಮಾತಿದೆ, ಆದರೆ ನಮ್ಮ ಮನೆಯಲ್ಲಿ ಅದನ್ನು ಆಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ದೇಹದ ಉಳಿದ ವ್ಯವಹಾರಗಳಿಗೆ ಶಾಲೆಯಲ್ಲಿ ಒಂದಕ್ಕೆ, ಎರಡಕ್ಕೆ ಎಂದು ಅಂಕಿಯನ್ನಾದರೂ ಕೊಟ್ಟಿದ್ದಾರೆ. ಪಾಪ, ಈ ಗಾಳಿಗೆ ಮೂರು ಅನ್ನುವ ಅಂಕಿಯೂ ಸಿಗಲಿಲ್ಲ. ಹೆಸರಿಲ್ಲ, ನಂಬರಿಲ್ಲ, ಬಂದರೆ ಎಲ್ಲರೂ ಪಕ್ಕದವನ ಮುಖ ನೋಡುತ್ತಾರೆ. ಆಸ್ಪತ್ರೆಯಲ್ಲಿ ಮಾತ್ರ ಅದಕ್ಕೆ ರಾಜಮರ್ಯಾದೆ. ಅದು ಬರದೆ ನೀರಿಲ್ಲ, ಕಾಫಿ ಇಲ್ಲ, ಮನೆಯ ದಾರಿ ಇಲ್ಲ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. "ಕರುಳಿನ್ನೂ ನಿದ್ದೇಲಿದೆ ಸಾರ್. ಎಬ್ಬಿಸ್ಬೇಕು. ಎದ್ದು ಓಡಾಡಿ, ಚೂಯಿಂಗ್ ಗಮ್ ಅಗೀರಿ. ಈಗ ಹೊಸ ಪದ್ಧತಿ ಇದೇನೇ."

ನಮ್ಮ ಕಡೆ ಆಪರೇಷನ್ ಎಂದರೆ ಬಾಣಂತನಕ್ಕಿಂತ ಹೆಚ್ಚು. ಮಗ್ಗುಲು ಬದಲಾಯಿಸುವುದಕ್ಕೂ ನಾಲ್ಕು ಜನ ಹಿಡಿಯಬೇಕು. ಹಸಿ ಹೊಲಿಗೆ ಇಟ್ಟುಕೊಂಡು ಓಡಾಡುವುದೆ? ಅದಾದರೂ ಸರಿ, ಚೂಯಿಂಗ್ ಗಮ್ಮಿನ ಮಾತು ಕೇಳಿ ನನ್ನಾಕೆ ದಂಗಾದಳು. "ದಿನವೆಲ್ಲ ಎಂಜಲು ಬಾಯಲ್ಲಿ ಇಟ್ಕೊಂಡಿದ್ರೆ ಸಂಧ್ಯಾವಂದನೆ ಹೆಂಗ್ರೀ ಮಾಡ್ತೀರಾ?" ಅಗಿಯುತ್ತಿದ್ದರೆ ಊಟ ಬರುತ್ತಿದೆ ಎಂದು ಕರುಳು ಮೋಸಹೋಗಿ ಎದ್ದು ಕೂರುತ್ತದಂತೆ. ಡಾಕ್ಟರು ಇಷ್ಟನ್ನು ಬಿಡಿಸಿ ಹೇಳಿದರೂ ಅವಳು ಒಪ್ಪಲಿಲ್ಲ. ನಾನೂ ಹೆಂಡತಿಯ ಮಾತು ಮೀರದ ಸದ್ಗೃಹಸ್ಥನಾಗಿ ಕಣ್ಣು ಮುಚ್ಚಿ ಮಲಗಿದೆ.

ಮಲಗಿದ್ದಕ್ಕೆ ಫಲ ಸಿಕ್ಕಿತು. ಹೊಟ್ಟೆ ತಮಟೆಯ ಹಾಗೆ ಬಿಗಿಯಿತು, ಓಕರಿಕೆ ಬಂತು, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ಡಾಕ್ಟರ ಮುಖದಲ್ಲಿ ನಗು ಇರಲಿಲ್ಲ. "ನಾಳೆಯೊಳಗೆ ಗ್ಯಾಸ್ ಹೋಗ್ಲಿಲ್ಲ ಅಂದ್ರೆ ಒಳಗೆ ಹೊಲಿಗೆಗೇನಾದ್ರೂ ಆಗಿದ್ಯಾ ಅಂತ ಇನ್ನೊಂದ್ಸಲ ತೆಗೆದು ನೋಡ್ಬೇಕಾಗ್ಬೋದಮ್ಮಾ" ಎಂದರು. ಇನ್ನೊಂದು ಸಲ ಆ ಮೇಜಿನ ಮೇಲೆ ಮಲಗಿದರೆ ಏಳುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತು. ಬಹಳ ಹೆದರಿದೆ. ಹೆಂಡತಿ ಎದ್ದು ಹೊರಗೆ ಹೋದಳು. ಅಳುವುದಕ್ಕೆ ಹೋದಳು ಎಂದುಕೊಂಡೆ.

ಅತ್ತಿದ್ದಳೋ ಏನೋ, ಬರುವಾಗ ಕೈಯಲ್ಲಿ ಚೂಯಿಂಗ್ ಗಮ್ ಇತ್ತು. "ಬಾಯಿ ತೆಗೀರಿ" ಎಂದಳು.

"ಎಂಜಲು ಕಣೇ..."

"ದೇವರ ಹತ್ರ ನಾನು ಮಾತಾಡ್ಕೋತೀನಿ. ನೀವು ಅಗೀರಿ."

ಆಮೇಲೆ ಡಾಕ್ಟರಿಗಿಂತ ಅವಳೇ ಕಟ್ಟುನಿಟ್ಟು. ಹೆಗಲಿಗೆ ನನ್ನ ತೋಳು ಹಾಕಿಕೊಂಡು ಹಗಲೆಲ್ಲ ವರಾಂಡದಲ್ಲಿ ನಡೆಸಿದಳು. ಒಂದು ಕೈಯಲ್ಲಿ ಡ್ರಿಪ್ಪಿನ ಕಂಬ, ಮೂಗಿನಲ್ಲಿ ನಳಿಕೆ, ಬಾಯಲ್ಲಿ ಗಮ್. ಮಂಡಿಯವರು ನೋಡಿದ್ದರೆ ನನ್ನ ಲೆಕ್ಕಗಳ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಿದ್ದರು. ಮುನಿಯಪ್ಪನೂ ಜೊತೆಗೆ ಹೆಜ್ಜೆ ಹಾಕುತ್ತಾ ಪ್ರತಿ ತಿರುವಿನಲ್ಲೂ ತೆಲುಗಿನಲ್ಲಿ ವಿಚಾರಿಸುತ್ತಿದ್ದ, "ಏಮಿ ಸಾಮೀ, ಪೋಯಿಂದಾ?" ಹೋಗಿರಲಿಲ್ಲ. ನನ್ನ ಬಗ್ಗೆ ಯಾರೂ ಇಷ್ಟು ಕಾಳಜಿಯಿಂದ ಇಷ್ಟು ಸಣ್ಣ ಪ್ರಶ್ನೆ ಕೇಳಿದ್ದಿಲ್ಲ. ಅವನ ಋಣ ನನ್ನ ಮೇಲೆ ಇವತ್ತಿಗೂ ಇದೆ.

ಸಂಜೆಯಾಯಿತು. ಶ್ರೀನಿವಾಸಪುರದಿಂದ ಬೀಗರು ಬಂದರು. ಬಹಳ ಗಂಭೀರ ಮನುಷ್ಯರು, ನಮ್ಮ ಮನೆಯಲ್ಲಿ ಅವರೆದುರು ಯಾರೂ ಗಟ್ಟಿಯಾಗಿ ಸೀನುವುದೂ ಇಲ್ಲ. ನನ್ನನ್ನು ಮಂಚದ ಮೇಲೆ ಕೂರಿಸಿದ್ದರು. ಬೀಗರು ಮಾವಿನ ಬುಟ್ಟಿಯನ್ನು ಕೆಳಗಿಟ್ಟು, "ಈಗ ಹೇಗಿದ್ದೀರಿ ಭಾವಾ?" ಎಂದರು. ಉತ್ತರ ಕೊಡಲು ಬಾಯಿ ತೆರೆದೆ.

ಉತ್ತರ ಬಾಯಿಂದ ಬರಲಿಲ್ಲ.

ಸಣ್ಣದಲ್ಲ. ವಾರ್ಡಿನಲ್ಲಿ ಎಲ್ಲರ ಮಾತೂ ನಿಂತಿತು. ಬೀಗರು ಕಿಟಕಿಯ ಕಡೆ ನೋಡಿದರು. ಭೂಮಿ ಬಾಯಿಬಿಟ್ಟರೆ ಸಾಕು ಎಂದು ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ನನ್ನಾಕೆ, ಬೀಗರೆದುರು ಎಂದೂ ದನಿ ಎತ್ತದವಳು, ಎರಡು ಕೈಯನ್ನೂ ಮೇಲೆತ್ತಿ ವರಾಂಡಕ್ಕೆ ಓಡಿದಳು. "ಹೋಯ್ತು! ಸಿಸ್ಟರ್, ನಮ್ಮನೆಯವರದು ಹೋಯ್ತು! ಎಲ್ಲಾರೂ ಕೇಳಿಸ್ಕೊಂಡ್ರು!"

ಮುನಿಯಪ್ಪ ಚಪ್ಪಾಳೆ ತಟ್ಟಿದ. ಸಿಸ್ಟರ್ ಓಡಿ ಬಂದು ನಗುತ್ತಾ ಡಾಕ್ಟರಿಗೆ ಹೇಳಿ ಕಳಿಸಿದರು. ಬೀಗರು ಕೊಂಚ ಹೊತ್ತು ಯೋಚಿಸಿ, ಅಷ್ಟೇ ಗಂಭೀರವಾಗಿ, "ಶುಭವಾಯ್ತು" ಎಂದರು. ನಾನು ಮಾತ್ರ ಮಗುವಿನ ಹಾಗೆ ಅತ್ತುಬಿಟ್ಟೆ. ಬದುಕಿದೆ ಎಂದು ನನಗೆ ಗೊತ್ತಾದದ್ದೇ ಆಗ.

ನಳಿಕೆ ತೆಗೆದರು, ನೀರು ಕೊಟ್ಟರು, ಆಮೇಲೆ ಗಂಜಿ. ಮೆತ್ತಗಿನ ಅನ್ನಕ್ಕೆ ಅಪ್ಪಣೆಯಾದ ದಿನ ಹೆಂಡತಿ ಮಜ್ಜಿಗೆಯಲ್ಲಿ ಕಲಸಿ ಎದುರಿಗಿಟ್ಟಳು. ಉಪನಯನವಾದಂದಿನಿಂದ ನಾನು ಊಟಕ್ಕೆ ಮೊದಲು ದೇಹದೊಳಗಿನ ಐದು ವಾಯುಗಳಿಗೆ ಐದು ಸಣ್ಣ ತುತ್ತು ಕೊಡುತ್ತಾ ಬಂದವನು. ಆ ಮಂತ್ರ ನನ್ನ ಬಾಯಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪ್ರಾಣಾಯ ಸ್ವಾಹಾ ಎಂದೆ, ನುಂಗಿದೆ. ಅಪಾನಾಯ ಸ್ವಾಹಾ ಎಂದು ಎರಡನೆಯದನ್ನು ಎತ್ತಿದವನು ಕೈ ಹಾಗೇ ಹಿಡಿದು ಕೂತೆ. ಅಪಾನ ಎಂದರೆ ಕೆಳಮುಖವಾಗಿ ಹೊರಡುವ ವಾಯು. ನಾವು ಹೆಸರೆತ್ತಲು ನಾಚಿದ ಇವನನ್ನು ಹಿರಿಯರು ಪ್ರಾಣದ ಪಕ್ಕದಲ್ಲೇ ಎಲೆ ಹಾಕಿ ಕೂರಿಸಿದ್ದರು! ಕಣ್ಣು ಮಂಜಾಯಿತು. ಆ ತುತ್ತು ನುಂಗಿ, ಮತ್ತೊಂದು ಸಲ ಅಪಾನಾಯ ಸ್ವಾಹಾ ಎಂದೆ.

"ಅದು ಆಗ್ಲೇ ಆಯ್ತಲ್ರೀ," ಎಂದಳು ಹೆಂಡತಿ, "ಮಂತ್ರ ಮರ್ತುಬಿಟ್ರಾ?"

"ಇಷ್ಟು ದಿನ ಮರ್ತಿದ್ದೆ ಕಣೇ," ಎಂದೆ, "ಇವತ್ತು ನೆನಪಾಯ್ತು."