ಕಚ್ಚಿದ ನಾಣ್ಯದ ಎದುರಂಚು

ಬೀದಿದೀಪಗಳು ಇನ್ನೂ ಆರಿಲ್ಲ. ಹಳೆ ನಾಣ್ಯಗಳ ಅಂಗಡಿಯ ಷಟರ್ ಅರ್ಧ ಎತ್ತಿದೆ. ಅದರಡಿಯಿಂದ ಸಣ್ಣ ಮೇಜೊಂದನ್ನೂ ಸ್ಟೂಲನ್ನೂ ಹೊರಗೆಳೆದು, ಮಾಸಿದ ನೀಲಿ ಬಟ್ಟೆ ಹಾಸಿ, ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ಆಕೆ ಕೂರುತ್ತಾರೆ. ಅಷ್ಟರಲ್ಲೇ ಐದಾರು ಜನ ಸಾಲು ನಿಂತಿದ್ದಾರೆ. ಒಬ್ಬೊಬ್ಬರ ಮುಷ್ಟಿಯೂ ಬಿಗಿಯಾಗಿದೆ. ಎದುರು ಮನೆಗಳ ಸಂದಿನಿಂದ ಎಳೆಬಿಸಿಲು ಓರೆಯಾಗಿ ಬಂದು ಬಟ್ಟೆಯ ಮೇಲೆ ಬಿದ್ದಾಗ ಆಕೆ ಮೊದಲನೆಯವನಿಗೆ 'ಇಡಪ್ಪಾ' ಎನ್ನುತ್ತಾರೆ.

ಆತ ನಾಣ್ಯ ಇಡುವ ಮೊದಲೇ ಶುರುಮಾಡುತ್ತಾನೆ. ತೀರಿಹೋದ ಅಪ್ಪನ ಪೆಟ್ಟಿಗೆ, ಅದರ ತಳದಲ್ಲಿ ಸಿಕ್ಕ ಪೊಟ್ಟಣ, ಇಂಥ ನಾಣ್ಯಕ್ಕೆ ಲಕ್ಷ ಬರುತ್ತದೆಂದು ಫೋನಿನಲ್ಲಿ ನೋಡಿದ ವಿಡಿಯೊ. ಆಕೆ ಕೈಯೆತ್ತಿ ತಡೆಯುತ್ತಾರೆ. 'ಕತೆ ಆಮೇಲೆ. ಮೊದಲು ನಾಣ್ಯ.' ಭೂತಗನ್ನಡಿ ಕಣ್ಣಿಗೇರುತ್ತದೆ. ಬೆರಳುಗಳು ನಾಣ್ಯದ ಅಂಚನ್ನು ಮಾತ್ರ ಹಿಡಿದು ಬಿಸಿಲಿಗೆ ಮೆಲ್ಲಗೆ ತಿರುಗಿಸುತ್ತವೆ. 'ಇಲ್ಲಪ್ಪ. ಈ ಉಬ್ಬು ನಾಣ್ಯ ಅಚ್ಚು ಹಾಕೋ ಟಂಕಸಾಲೆಯಲ್ಲಿ ಆಗಿದ್ದಲ್ಲ, ಬೆಂಕಿಗೆ ಬಿದ್ದು ಆಗಿದ್ದು. ಅಂಗಡಿಯಲ್ಲಿ ಕೊಟ್ರೆ ತಗೋತಾರೆ, ಖರ್ಚು ಮಾಡು.' ಆತನ ಮುಖ ಸಪ್ಪಗಾಗುತ್ತದೆ. ಅಪ್ಪನ ಕತೆ ಹೇಳದೆಯೇ ನಾಣ್ಯ ಎತ್ತಿಕೊಂಡು ಹೊರಡುತ್ತಾನೆ.

ಈ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಅಂಚಕ್ಕ ಎಂದೇ. ನಾಣ್ಯದ ಮುಖ ನೋಡಿ ಮರುಳಾಗುವ ಜನರ ನಡುವೆ ಅಂಚು ನೋಡುವವರು ಆಕೆಯೊಬ್ಬರೇ. ದಿನಕ್ಕೆ ನಲವತ್ತು, ಐವತ್ತು ನಾಣ್ಯ ಈ ಬಟ್ಟೆಯ ಮೇಲೆ ಬಂದು ಹೋಗುತ್ತವೆ. ಟಂಕಸಾಲೆಯ ಯಂತ್ರವೇ ತಪ್ಪಿ ಹುಟ್ಟಿಸಿದ, ಸಂಗ್ರಹಕಾರರು ಹುಡುಕುವ ನಾಣ್ಯ ತಿಂಗಳಿಗೊಂದು ಸಿಕ್ಕರೆ ಹೆಚ್ಚು. ಮಿಕ್ಕಿದ್ದೆಲ್ಲ ರೈಲುಹಳಿಯ ಮೇಲೆ ಚಪ್ಪಟೆಯಾದದ್ದು, ಆಸಿಡ್ಡಿನಲ್ಲಿ ಸವೆದದ್ದು, ಸುತ್ತಿಗೆ ಏಟು ತಿಂದದ್ದು. ಅಂದರೆ ಆಕೆಯ ಕಸುಬು ಬಹುಪಾಲು ಬೆಳಗಾಗುತ್ತಲೇ ಜನರ ಆಸೆಗೆ ತಣ್ಣೀರೆರಚುವುದು. ಬೈಸಿಕೊಳ್ಳುವುದೂ ಅದರಲ್ಲೇ ಸೇರಿದೆ. 'ಅಡ್ಡಿಲ್ಲ, ಬೈಲಿ. ಡಾಕ್ಟರನ್ನೂ ಬೈತಾರೆ' ಎನ್ನುತ್ತಾರೆ ಆಕೆ.

ಹದಿನೆಂಟು ತುಂಬುವಷ್ಟರಲ್ಲೇ ಟಂಕಸಾಲೆಯ ತಪಾಸಣೆ ಕೋಣೆಗೆ ಸೇರಿದವರು. ಯಂತ್ರದ ಪಟ್ಟಿಯ ಮೇಲೆ ಹರಿದು ಬರುವ ನಾಣ್ಯಗಳಲ್ಲಿ ಕೆಟ್ಟದ್ದನ್ನು ಹೆಕ್ಕಿ ಡಬ್ಬಕ್ಕೆ ಎಸೆಯುವ ಕೆಲಸ. ಯಂತ್ರಗಳ ಸದ್ದಿಗೆ ಒಂದು ಕಿವಿ ಹೋಯಿತು. ಮುಂದೆ ಕ್ಯಾಮೆರಾ ಇರುವ ಯಂತ್ರ ಬಂದು ಕೆಲಸವೂ ಹೋಯಿತು. ಅಪ್ಪ ಆಗಲೇ ಇರಲಿಲ್ಲ. ಮನೆಯಲ್ಲಿ ಅಮ್ಮ, ಆಕೆಯೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ನಾಣ್ಯದಂಗಡಿಯ ಯಜಮಾನ ಈ ಮೇಜು ಕೊಟ್ಟ. ಮದುವೆಯ ಮಾತು ಯಾರೂ ಎತ್ತಲಿಲ್ಲ, ಎತ್ತಬೇಕಿದ್ದವರಿಗೆ ಆಕೆಯ ಸಂಬಳ ಬೇಕಿತ್ತು.

ತಮ್ಮ ಲೇತ್ ಕೆಲಸ ಕಲಿತ, ಊರಂಚಿನಲ್ಲಿ ಷೆಡ್ ಹಾಕಿದ. ಕೈ ಒಳ್ಳೆಯದು. ಎಡಗೈಯವನು. ರಾತ್ರಿ ಊಟಕ್ಕೆ ಕೂತಾಗ ಅಕ್ಕ ಆ ದಿನದ ನಾಣ್ಯಗಳ ಸುದ್ದಿ ಹೇಳುವಳು, ಅವನು ಬಾಯಿಬಿಟ್ಟು ಕೇಳುವನು. ಒಮ್ಮೆ ಯಜಮಾನನಿಂದ ಕೊಂಡು ತಂದ ಕಚ್ಚಿದ ನಾಣ್ಯವೊಂದನ್ನು ದೀಪದ ಬುಡದಲ್ಲಿಟ್ಟು ಗುಟ್ಟನ್ನೂ ಬಿಡಿಸಿ ಹೇಳಿದ್ದಳು. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ತಗಡು ಸರಿಯಾಗಿ ಮುಂದೆ ಸರಿಯದಿದ್ದರೆ ಹಿಂದಿನ ತೂತಿನ ಮೇಲೇ ಕತ್ತರಿ ಬೀಳುತ್ತದೆ. ಬಿಲ್ಲೆಯ ಒಂದು ಮಗ್ಗುಲು ಯಾರೋ ಕಚ್ಚಿದ ಬಿಸ್ಕತ್ತಿನಂತೆ ಕಾಣುತ್ತದೆ. ಆಮೇಲೆ ಅಂಚು ಎಬ್ಬಿಸುವ ಯಂತ್ರ ಅದನ್ನು ಎರಡೂ ಕಡೆಯಿಂದ ಒತ್ತಬೇಕು. ಕಚ್ಚಿದ ಕಡೆ ಒತ್ತಲು ಏನೂ ಇಲ್ಲ, ಹಾಗಾಗಿ ನೇರ ಎದುರಿನ ಕಡೆಗೂ ಒತ್ತಡ ಸಿಗುವುದಿಲ್ಲ, ಅಲ್ಲಿ ಅಂಚು ಸೊರಗುತ್ತದೆ. ಸುಳ್ಳು ನಾಣ್ಯ ಮಾಡುವ ಕಳ್ಳನಾದರೋ ಒಳ್ಳೆ ನಾಣ್ಯದಲ್ಲಿ ಕಚ್ಚಿದಂತೆ ಕಾಣುವ ಜಾಗವನ್ನಷ್ಟೇ ಕೊರೆಯುತ್ತಾನೆ, ಎದುರಂಚು ದಪ್ಪಗೆ ಉಳಿದು ಅವನನ್ನು ಹಿಡಿದುಕೊಡುತ್ತದೆ. ಕತೆ ಮುಗಿದಾಗ ಆ ನಾಣ್ಯವನ್ನು ತಮ್ಮ ಕೇಳಿದ. ಅಕ್ಕ ಕೊಟ್ಟಳು.

ಹೋದ ವರ್ಷ ಒಂದು ಬೆಳಿಗ್ಗೆ, ನಿವೃತ್ತನಾದ ಬಸ್ ಕಂಡಕ್ಟರ್ ಒಬ್ಬ ಸಾಲಿನಲ್ಲಿ ನಿಂತಿದ್ದ. ಕಚ್ಚಿದ ನಾಣ್ಯ ಇಟ್ಟ. ಅಂಚಕ್ಕ ಎದುರಂಚಿಗೆ ಕಣ್ಣು ಹಾಯಿಸಿದರು. ಸೊರಗಿತ್ತು. 'ನಿಜ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಓರೆಬಿಸಿಲಿಗೆ ಇನ್ನೊಂದು ಸಲ ತಿರುಗಿಸಿದಾಗ ಆ ಸೊರಗಿದ ಜಾಗದಲ್ಲಿ ಅರದಿಂದ ಉಜ್ಜಿದ ನವಿರಾದ ಗೀರುಗಳು ಎದ್ದು ಕಂಡವು. ಬಲಗೈಯವರ ಗೀರು ವಾಲುವ ಕಡೆಗೆ ಇವು ವಾಲಿರಲಿಲ್ಲ. ಉಜ್ಜಿದವನು ಎಡಗೈಯವನು, ಎದುರಂಚಿನ ಗುಟ್ಟು ಬಲ್ಲವನು.

'ಈ ಊರಲ್ಲಿ ಅಂಥವನು ಒಬ್ಬನೇ. ಹೇಳಿಕೊಟ್ಟವಳು ನಾನೇ' ಎನ್ನುತ್ತಾರೆ ಅಂಚಕ್ಕ.

ನಾಣ್ಯ ಸುಳ್ಳೆಂದು ಕೇಳಿದ ಮೇಲೆ ಕಂಡಕ್ಟರ್ ಕತೆ ಹೇಳಿದ. ನಿವೃತ್ತಿಯ ಹಣ ಪೂರ್ತಿ ಅದಕ್ಕೆ ಸುರಿದಿದ್ದ. ಹೆಸರು ಹೇಳದೆ ಮಾರಿದವನು ಒಂದು ಮಾತು ಮಾತ್ರ ಹೇಳಿದ್ದನಂತೆ, 'ಅಂಚಕ್ಕ ನೋಡಿ ಒಪ್ಪಿದ ಮಾಲು.' ಜೀವಮಾನವೆಲ್ಲ ಚಿಲ್ಲರೆ ಎಣಿಸಿದ ಮನುಷ್ಯ ಒಂದು ನಾಣ್ಯಕ್ಕೆ ಮೋಸಹೋಗಿದ್ದ. ಅದನ್ನು ನೆನೆದು ಅವನೇ ನಗಲು ನೋಡಿದ, ನಗು ಬರಲಿಲ್ಲ.

ಅಂದು ಸಂಜೆ ಅಂಚಕ್ಕ ಷೆಡ್ಡಿಗೆ ಹೋದರು. ಕೆಲಸ ಕೊಡುತ್ತಿದ್ದ ಕಾರ್ಖಾನೆ ಮುಚ್ಚಿ ಲೇತ್ ಧೂಳು ಹಿಡಿದಿತ್ತು. ಬೆಂಚಿನ ಮೇಲೆ ಮಾತ್ರ ಹೊಳೆಯುವ ಲೋಹದ ಪುಡಿ. ತಮ್ಮ ಅಲ್ಲಗಳೆಯಲಿಲ್ಲ. 'ಅಕ್ಕಾ, ಮತ್ತೆ ನೋಡ್ದೆ, ನಿಜದ್ದೇ ಅಂತ ಒಂದೇ ಒಂದು ಸಲ ಅಂದ್ಬಿಡು. ನಿನ್ನ ಗಂಟೇನು ಹೋಗುತ್ತೆ?' ಎಂದ. ಅಂಚಕ್ಕ ಮನೆಗೆ ನಡೆದರು. ಮರುದಿನ ಬೆಳಿಗ್ಗೆ ಕಂಡಕ್ಟರನಿಗೆ ತಮ್ಮನ ಹೆಸರು ಹೇಳಿದರು. ಪೊಲೀಸರು ಕೇಳಿದಾಗಲೂ ಹೇಳಿದರು, ಕೋರ್ಟಿನಲ್ಲೂ ಹೇಳಿದರು. ಈಗ ತಮ್ಮ ಜೈಲಿನಲ್ಲಿದ್ದಾನೆ. ಹಣ ಅಷ್ಟರಲ್ಲೇ ಸಾಲಗಾರರ ಪಾಲಾಗಿತ್ತು, ಕಂಡಕ್ಟರನಿಗೆ ಕವಡೆ ಕಾಸೂ ವಾಪಸ್ ಬರಲಿಲ್ಲ. ಆತ ಒಮ್ಮೊಮ್ಮೆ ಈ ಬೀದಿಗೆ ಬಂದು ಎದುರು ಜಗಲಿಯ ಮೇಲೆ ಸುಮ್ಮನೆ ಕೂತು ಹೋಗುತ್ತಾನೆ. ನ್ಯಾಯ ಸಿಕ್ಕಿತು ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ.

ಜೈಲಿನ ಭೇಟಿಯ ದಿನ ತಾಯಿ ಮಗಳು ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಒಳಗೆ ಹೋಗುವುದು ಅಮ್ಮ ಮಾತ್ರ. ಅಕ್ಕನ ಮುಖ ನೋಡುವುದಿಲ್ಲವೆಂದು ಅವನು ಹೇಳಿ ಕಳಿಸಿದ್ದಾನೆ. ತೀರ್ಪು ಬಂದ ದಿನದಿಂದ ಅಮ್ಮನೂ ಮಗಳೊಡನೆ ಮಾತು ಬಿಟ್ಟಿದ್ದಾರೆ. ಇಬ್ಬರಿಗೂ ಇರುವುದು ಒಂದೇ ಅಡುಗೆಮನೆ. ಮಗಳು ಬಡಿಸಿಟ್ಟ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅಮ್ಮ ತಾವೇ ಬೇರೆ ಬಡಿಸಿಕೊಳ್ಳುತ್ತಾರೆ. 'ಅದು ಸಂಕಟ. ಬೀದಿಯವರು ಬೈದ್ರೆ ಒದರಿಕೊಂಡು ಮನೆಗೆ ಹೋಗ್ಬಹುದು. ಮನೇಲೇ ಹಿಂಗಾದ್ರೆ ಎಲ್ಲಿಗೆ ಹೋಗ್ಲಿ?' ಎಂದು ಕೇಳುತ್ತಾರೆ ಅಂಚಕ್ಕ.

ಮೊನ್ನೆ ಒಂದು ಬೆಳಿಗ್ಗೆ, ಮೂರನೆಯವರ ನಾಣ್ಯ ನೋಡಿ ಮುಗಿಸಿ ತಲೆಯೆತ್ತಿದರೆ ನಾಲ್ಕನೆಯವರಾಗಿ ಅಮ್ಮ ನಿಂತಿದ್ದರು. ಒಂದೇ ಸೂರಿನಡಿ ಮಲಗಿ ಎದ್ದ ತಾಯಿ ಬೀದಿಯ ಸಾಲಿನಲ್ಲಿ ಮುಷ್ಟಿ ಬಿಗಿಹಿಡಿದು ನಿಂತಿದ್ದರು. ಅಂಚಕ್ಕ ಎಲ್ಲರಿಗೂ ಹೇಳುವಂತೆ 'ಇಡಮ್ಮಾ' ಎಂದರು.

ಕಚ್ಚಿದ ನಾಣ್ಯ. ತಮ್ಮನ ಷೆಡ್ ಖಾಲಿ ಮಾಡುವಾಗ ಡ್ರಾಯರಿನಲ್ಲಿ ಅಮ್ಮನಿಗೆ ಸಿಕ್ಕಿದ್ದೆಂದು ಆಮೇಲೆ ತಿಳಿಯಿತು. ಅಂಚಕ್ಕ ಬಿಸಿಲಿಗೆ ತಿರುಗಿಸಿದರು, ಗೀರುಗಳನ್ನು ಹುಡುಕಿದರು. ಗೀರಿಲ್ಲ. ಎದುರಂಚು ತಾನಾಗಿಯೇ ಮೆಲ್ಲಗೆ ಸೊರಗಿತ್ತು. ಗುರುತು ಸಿಕ್ಕಿತು. ಅಂದು ದೀಪದ ಬುಡದಲ್ಲಿಟ್ಟು ತಮ್ಮನಿಗೆ ತೋರಿಸಿ ಕೊಟ್ಟ ನಾಣ್ಯವೇ ಅದು. ಅವನು ಅದನ್ನೇ ಎದುರಿಗಿಟ್ಟುಕೊಂಡು ತನ್ನ ಸುಳ್ಳು ನಾಣ್ಯಗಳನ್ನೆಲ್ಲ ಉಜ್ಜಿದ್ದ.

'ಇದು ನಿಜದ್ದು, ಅಮ್ಮ.'

ಅಮ್ಮನ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಬಾಯಿ ತೆರೆದರು. 'ಮಾರಿದ್ರೆ ವಕೀಲರಿಗೆ ಸಾಕಾಗುತ್ತಾ?'

'ನಿಜದ್ದಾದ್ರೂ ಕೊಳ್ಳೋರು ಕಮ್ಮಿ ಅಮ್ಮ, ಲಕ್ಷ ಅನ್ನೋದೆಲ್ಲ ಮಾರೋರ ಮಾತು. ಒಂದು ವಾರದ ತರಕಾರಿ ಬರಬಹುದು.'

'ನಿಜದ್ದಕ್ಕೆ ಇಷ್ಟೇನಾ?'

'ಇಷ್ಟೇ.'

ಅಮ್ಮ ನಾಣ್ಯವನ್ನು ಎತ್ತಿಕೊಳ್ಳಲಿಲ್ಲ. ಹಿಂದಿದ್ದವರಿಗೆ ದಾರಿ ಬಿಟ್ಟು, ಗೋಡೆ ಹಿಡಿದುಕೊಂಡು ಮನೆ ಕಡೆ ನಡೆದರು. ಅಂದು ಮಧ್ಯಾಹ್ನ ಮಗಳು ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಲಿಲ್ಲ. ಮಾತು ಮಾತ್ರ ಮತ್ತೆ ಆಡಿಲ್ಲ.

ಆ ನಾಣ್ಯ ಈಗ ನೀಲಿ ಬಟ್ಟೆಯ ಮೂಲೆಯಲ್ಲಿದೆ. ಸುಳ್ಳು ನಾಣ್ಯ ತಂದವರಿಗೆ ಪಕ್ಕದಲ್ಲಿಟ್ಟು ತೋರಿಸಲು ಅನುಕೂಲವಾಗಿದೆ. ಸಾಲಿನ ಕೊನೆಯವನೂ ಹೋದ ಮೇಲೆ, ಬಿಸಿಲು ನೆತ್ತಿಗೇರುವ ಮೊದಲು, ಅಂಚಕ್ಕ ಬಟ್ಟೆ ಮಡಚುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಭೂತಗನ್ನಡಿಯನ್ನು ಒರೆಸುತ್ತಾ ಹೇಳುತ್ತಾರೆ.

'ಅವನು ಜೈಲಿಂದ ಹೊರಗೆ ಬಂದ ಮೇಲೆ ಒಂದಿನ ಈ ಸಾಲಲ್ಲಿ ಬಂದು ನಿಲ್ಲಲಿ. ಬಾ ಅಂತೀನಿ, ಊಟಕ್ಕೆ ಹಾಕ್ತೀನಿ. ನಾಣ್ಯ ತಂದಿದ್ರೆ ಅದನ್ನೂ ನೋಡ್ತೀನಿ. ಸುಳ್ಳಾಗಿದ್ರೆ ಸುಳ್ಳು ಅಂತಲೇ ಹೇಳ್ತೀನಿ.'