ಮನಾ ಎಂದಾಂಗಳ ಮಧ್ಯಾಹ್ನಗಳು

ಲೇಯ್ಟೆ ದ್ವೀಪದ ನಮ್ಮ ಮೀನು ಮಾರುಕಟ್ಟೆಯಲ್ಲಿ ರೊಸೆಂದಾಳನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ. ದೊಡ್ಡವರಿಗೆ ಎಂದಾಂಗ್, ನಮ್ಮಂಥವರಿಗೆ ಮನಾ ಎಂದಾಂಗ್, ಅಂದರೆ ಎಂದಾಂಗಕ್ಕ. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದ ಅವಳ ಪಕ್ಕದ ಕಟ್ಟೆಯಲ್ಲೇ ಮೀನು ಮಾರಿದವಳು. ಅವಳಿಗೆ ಗಂಡ ತೀರಿಹೋಗಿ ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಇದ್ದವಳು ಒಬ್ಬಳೇ ತಂಗಿ, ಫೆಲಿಸಾ.

ಬೆಳಗಿನ ವ್ಯಾಪಾರ ಮುಗಿದ ಮೇಲೆ ಮಂಜುಗಡ್ಡೆ ಮನೆಯ ಹಿಂದೆ ಹೆಂಗಸರು ಸುತ್ತ ಕೂತು ಕುಡಿಯುವುದು ನಮ್ಮಲ್ಲಿ ಹೊಸದಲ್ಲ. ತೆಂಗಿನ ಕೆಂಪು ಹೆಂಡದ ಕ್ಯಾನು, ಒಂದೇ ಲೋಟ, ಕೈಯಿಂದ ಕೈಗೆ. ನಾವೆಲ್ಲ ಸ್ವಲ್ಪ ಕುಡಿದು, ಬಾಯ್ತುಂಬ ನಕ್ಕು, ಮನೆಗೆ ಹೋಗಿ ಅನ್ನಕ್ಕಿಡುತ್ತಿದ್ದೆವು. ಎಂದಾಂಗಳಿಗೆ ಹೋಗಲು ಮನೆ ಇತ್ತು, ಕಾಯುವವರಿರಲಿಲ್ಲ. ಅವಳು ಕ್ಯಾನು ಬರಿದಾಗುವವರೆಗೆ ಏಳುತ್ತಿರಲಿಲ್ಲ. ಎದ್ದ ಮೇಲೆ ಮನೆಯಲ್ಲಿ ಇನ್ನೊಂದನ್ನು ತೆರೆಯುತ್ತಿದ್ದಳು.

ಫೆಲಿಸಾ ಜ್ವರದಲ್ಲಿ ತೀರಿಕೊಂಡಳು. ಮಣ್ಣಿನ ದಿನ ಶವಪೆಟ್ಟಿಗೆಯ ಮುಂದೆ ಬ್ಯಾಂಡು, ಹಿಂದೆ ಇಡೀ ಊರು. ಮೆರವಣಿಗೆ ಅಕ್ಕನ ಬಾಗಿಲ ಮುಂದೆ ಬಂದು ನಿಂತಿತು. ನಾನೇ ಒಳಗೆ ಹೋದೆ. ಎಂದಾಂಗ್ ಮೆಟ್ಟಿಲ ಕೆಳಗೆ, ಉಟ್ಟ ಕರಿ ಬಟ್ಟೆಯಲ್ಲೇ ಬಿದ್ದು ನಿದ್ದೆಹೋಗಿದ್ದಳು. ಭುಜ ಹಿಡಿದು ಅಲುಗಾಡಿಸಿದೆ, ಮುಖಕ್ಕೆ ನೀರು ಹಾಕಿದೆ. ಏಳಲಿಲ್ಲ. ಎಷ್ಟು ಹೊತ್ತು ಅಂತ ಹೆಣವನ್ನು ನಿಲ್ಲಿಸುವುದು? ಮುಂದೆ ಹೋದರು. ನಾವು ವಾಪಸು ಬರುವಾಗ ಅವಳು ಹೊಸ್ತಿಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು.

"ಫೆಲಿಸಾನ ಯಾವಾಗ ಎತ್ತುತ್ತಾರೆ ಡೋರಿಂಗ್?" ಎಂದು ಕೇಳಿದಳು.

"ಆಗ್ಲೇ ಮಣ್ಣಾಯ್ತು, ಮನಾ."

ಬಾಚಣಿಗೆ ಕೂದಲಲ್ಲೇ ಉಳಿಯಿತು. ಅವತ್ತಿನಿಂದ ಕುಡಿತ ಬಿಟ್ಟಳು. ಮೊದಮೊದಲು ಆಸ್ಪತ್ರೆಯಲ್ಲಿ ನಡುಗುತ್ತ ಮಲಗಿದ್ದಳು. ಅದು ಮೈಯ ಕಷ್ಟ, ಹೇಗೋ ಕಳೆಯಿತು. ಮಧ್ಯಾಹ್ನ ಮಾತ್ರ ಕಳೆಯಲೊಲ್ಲದು.

ಮೀನು ಖಾಲಿಯಾದದ್ದೇ ತಡ, ಅವಳ ಕೈಕಾಲು ಅವಳ ಮಾತು ಕೇಳುತ್ತಿರಲಿಲ್ಲ. ತೊಳೆದ ಕಟ್ಟೆಯನ್ನೇ ಮತ್ತೆ ತೊಳೆಯುವಳು. ನನ್ನ ಬಂಗುಡೆಗಳನ್ನು ಕೇಳದೆಯೇ ತಲೆ ಒಂದು ಕಡೆ, ಬಾಲ ಒಂದು ಕಡೆ ಮಾಡಿ ಜೋಡಿಸುವಳು. ದೋಣಿ ನಿಲ್ಲುವ ಧಕ್ಕೆಯವರೆಗೆ ಬಿರುಬಿಸಿಲಲ್ಲಿ ನಡೆದು, ಅಲ್ಲೇನೂ ಕೆಲಸವಿಲ್ಲದೆ ತಿರುಗಿ ಬರುವಳು. ಮಂಜುಗಡ್ಡೆ ಮನೆಯ ಹಿಂದಿನಿಂದ ನಗು ಕೇಳಿಸಿದರೆ ಚಾಕು ಮಸೆಯಲು ಶುರುಮಾಡುವಳು. ಆ ಗುಂಪಿನ ಯಜಮಾನಿ ತಾಕ್ಯಾಂಗ್ ಸುಮ್ಮನಿರುವವಳೇ?

"ಅಯ್ಯಯ್ಯೋ, ಸಂತ ಎಂದಾಂಗಮ್ಮ ಬಂದ್ರು! ಮೇಣದಬತ್ತಿ ಹಚ್ರೇ!" ಎಂದು ಕೂಗುವಳು.

ಇಗರ್ಜಿಯ ಹಿಂದಿನ ಕೋಣೆಯಲ್ಲಿ ಶನಿವಾರ ಕುಡಿತ ಬಿಟ್ಟವರು ಸೇರುತ್ತಿದ್ದರು. ಅಲ್ಲಿನ ಹಿರಿಯ, ಹಳೇ ಡ್ರೈವರ್ ಮೆಲ್ಚೋರ್. ಎಂದಾಂಗ್ ಅಲ್ಲಿಗೆ ಹೋದಾಗ ಅವನು ಹೇಳಿದ್ದು ಇಷ್ಟೆ: "ಆಸೆ ಬಂದು ಬಾಗಿಲು ಬಡಿದ್ರೆ ತಕ್ಷಣ ತೆಗೀಬೇಡ ತಂಗಿ. ಯಾರು ಅಂತ ಕೇಳು. ಹೆಂಡ ಅಂತ್ಲೇ ಹೇಳುತ್ತೆ, ನಂಬಬೇಡ. ಇನ್ನೊಂದ್ಸಲ ಕೇಳು."

ಎಂದಾಂಗ್ ಇದನ್ನು ಅಕ್ಷರಶಃ ಹಿಡಿದುಕೊಂಡಳು. ಮೀನಿನ ಹೊಟ್ಟೆ ಸೀಳುತ್ತ ಸೀಳುತ್ತ ಇದ್ದಕ್ಕಿದ್ದಂತೆ "ಯಾರು?" ಎಂದು ಗದರುವಳು. ಗಿರಾಕಿಗಳು ಬೆಚ್ಚಿ ಹಿಂದೆ ತಿರುಗಿ ನೋಡುವರು. "ಸತ್ತ ಗಂಡ ಬಂದ್ನೇನೇ?" ಎಂದು ತಾಕ್ಯಾಂಗ್ ಕೇಳಿದರೆ, "ಬಂದಿದ್ರೆ ನಿನ್ ಹತ್ರ ಸಾಲ ಕೇಳೋಕೆ ಕಳಿಸ್ತಿದ್ದೆ" ಎನ್ನುವಳು.

ಒಂದು ದಿನ ಚಾಕು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಗೊತ್ತಾಯ್ತು ಕಣೇ. ನಂಗೆ ಬೇಕಾಗಿರೋದು ಹೆಂಡ ಅಲ್ಲ. ಲೋಟ ನನ್ನ ಕೈಗೆ ಬಂದಾಗ ಎಲ್ಲರೂ ನನ್ನ ಮುಖ ನೋಡ್ತಿದ್ರಲ್ಲ, ಕುಡೀ ಕುಡೀ ಅಂತ? ದಿನಕ್ಕೊಮ್ಮೆ ನನ್ನ ಮುಖ ಯಾರಾದ್ರೂ ನೋಡ್ತಿದ್ದದ್ದು ಅದೊಂದೇ ಹೊತ್ತು."

ನಾನು ಬಂಗುಡೆಗೆ ನೀರು ಚಿಮುಕಿಸಿದೆ.

ಸತ್ತವರ ಹಬ್ಬಕ್ಕೆ ಎಲ್ಲರೂ ಸಮಾಧಿಗಳಿಗೆ ಸುಣ್ಣ ಬಳಿದು, ಅಲ್ಲೇ ಚಾಪೆ ಹಾಸಿ ಊಟ ಮಾಡುವುದು ವಾಡಿಕೆ. ಎಂದಾಂಗ್ ನನ್ನನ್ನೂ ಕರೆದುಕೊಂಡು ಹೋದಳು. ಫೆಲಿಸಾಳ ಗಂಡ ಪೊನ್ಸೊಯ್ ಮಣ್ಣಿನ ದಿನದಿಂದ ಅವಳೊಡನೆ ಮಾತು ಬಿಟ್ಟಿದ್ದ. ಅವನು ಲೋಟ ತುಂಬಿ, ಒಂದಿಷ್ಟು ಹೆಂಡವನ್ನು ಸಮಾಧಿಯ ಮೇಲೆ ಸುರಿದು, ಉಳಿದದ್ದನ್ನು ಮಾತಿಲ್ಲದೆ ಅವಳ ಮುಂದೆ ಹಿಡಿದ. ಸತ್ತವರ ಜೊತೆಗಿನ ಲೋಟ. ಬೇಡವೆನ್ನುವ ಹಾಗಿಲ್ಲ. ಅವಳು ತೆಗೆದುಕೊಂಡಳು. ವಾಸನೆ ನನಗೇ ಬಡಿಯಿತು. ಅವಳ ತುಟಿ ಅಲುಗಿತು. "ಯಾರು?" ಎಂದು ಕೇಳಿಕೊಂಡದ್ದು ನನಗೊಬ್ಬಳಿಗೇ ಕೇಳಿಸಿತು. ಮತ್ತೊಮ್ಮೆ ಕೇಳಿಕೊಂಡಳು.

"ಪೊನ್ಸೊಯ್, ಈಗ ನನ್ನೊಳಗೆ ಇರೋದು ನಾಚಿಕೆ ಕಣಪ್ಪ, ಬಾಯಾರಿಕೆ ಅಲ್ಲ. ಇದನ್ನ ಕುಡಿದ್ರೆ ನಾಚಿಕೆ ಮಲಗುತ್ತೆ, ಅದ್ರ ಜೊತೆ ನಾನೂ ಮಲಗ್ತೀನಿ" ಎಂದು ಲೋಟವನ್ನು ಪೂರ್ತಿ ಮಣ್ಣಿಗೆ ಸುರಿದಳು.

ಪೊನ್ಸೊಯ್ ಅವಳ ಮುಖ ನೋಡಿದ. ಸುಣ್ಣದ ಬಕೆಟ್ಟನ್ನು ಕಾಲಿನಿಂದ ಅವಳತ್ತ ನೂಕಿದ. "ಆ ಮೂಲೆ ಬಳಿದಿಲ್ಲ. ಸುಮ್ನೆ ನಿಂತ್ಕೋಬೇಡ."

ಇಲ್ಲಿಗೆ ಕಥೆ ನಿಂತಿದ್ದರೆ ಚೆನ್ನಾಗಿತ್ತು. ಕ್ರಿಸ್‌ಮಸ್ ಹತ್ತಿರ ಬಂದಾಗ, ಮನೆಮನೆಯಲ್ಲೂ ಹಾಡು, ನೆಂಟರು. ಎಂದಾಂಗ್ ಮಾರುಕಟ್ಟೆಗೆ ಬರಲಿಲ್ಲ. ಮರುದಿನವೂ ಇಲ್ಲ. ನಾನು ಹುಡುಕಿಕೊಂಡು ಹೊರಡುವಷ್ಟರಲ್ಲಿ ಅವಳೇ ನನ್ನ ಬಾಗಿಲಿಗೆ ಬಂದಳು. ಬಾಯಲ್ಲಿ ಹೆಂಡದ ನಾತ, ಕಣ್ಣು ಕೆಂಡ.

"ಕುಡಿದೆ" ಎಂದಳು. "ಯಾರೂ ಕೊಡಲಿಲ್ಲ, ನಾನೇ ತಂದೆ. ಆವತ್ತು ಯಾರು ಅಂತ ಕೇಳೋಕೆ ಮನಸ್ಸೇ ಇರ್ಲಿಲ್ಲ ಡೋರಿಂಗ್. ಕೇಳಿದ್ರೆ ಗೊತ್ತಾಗ್ಬಿಡ್ತಿತ್ತು."

"ಒಳಗೆ ಬಾ, ಅನ್ನ ಇದೆ."

"ಕೂತ್ಕೊಳ್ಳೋಕಾಗಲ್ಲ. ನಡಿ, ಎಲ್ಲಾದ್ರೂ ಹೋಗೋಣ."

ಎಲ್ಲಿಗೆ ಹೋಗುವುದು? ಸಿಕ್ಕಿದ ಜೀಪ್ನಿ ಹತ್ತಿ ಅದರ ಕೊನೆಯ ನಿಲ್ದಾಣದವರೆಗೆ ಹೋದೆವು, ಅದರಲ್ಲೇ ವಾಪಸು ಬಂದೆವು. ದಾರಿಯಲ್ಲಿ ಅವಳು ಅತ್ತಳು, ಆಮೇಲೆ ಬಾಳೆಲೆಯಲ್ಲಿ ಸುತ್ತಿದ ಅಕ್ಕಿ ಕಡುಬು, ಸುಮಾನ್, ಕೊಂಡು ತಿಂದಳು. ಶನಿವಾರ ಮೆಲ್ಚೋರನ ಕೋಣೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದಳಂತೆ.

ಆಮೇಲೆ ಅದೇ ರೂಢಿಯಾಯಿತು. ವ್ಯಾಪಾರ ಮುಗಿದರೆ ನಾವಿಬ್ಬರೂ ಜೀಪ್ನಿ ಹತ್ತುತ್ತೇವೆ. ಇಲ್ಲಿಯವರೆಗೆ ಅವಳು ಮತ್ತೆ ಕುಡಿದಿಲ್ಲ, ನಾಳೆಯ ಮಾತನ್ನು ಅವಳೇ ಹೇಳುವುದಿಲ್ಲ. ಈಚೆಗೆ ತಾಕ್ಯಾಂಗ್ ಕೂಡ, ಬಿಸಿಲಿಗೆ ಬೈಯುತ್ತ, ಆಗಾಗ ನಮ್ಮ ಜೊತೆ ಬರುತ್ತಾಳೆ. ಮೊನ್ನೆ ಎಂದಾಂಗಳ ಮೊಣಕಾಲು ಕುಣಿಯುತ್ತಲೇ ಇತ್ತು.

"ಕಾಲು ನಿಲ್ಸೇ, ಗಾಡಿಯೆಲ್ಲ ಅಲ್ಲಾಡ್ತಿದೆ" ಎಂದಳು ತಾಕ್ಯಾಂಗ್.

"ಗಾಡಿ ಅದ್ರ ಪಾಡಿಗೆ ಅಲ್ಲಾಡ್ತಿದೆ. ನಂದೇ ಬೇರೆ" ಎಂದು ಎಂದಾಂಗ್ ಕಿಟಕಿಯಾಚೆ ನೋಡುತ್ತ ಕಾಲು ಕುಣಿಸುತ್ತಲೇ ಇದ್ದಳು.